ಸೋಫಾ ಬಿಟ್ಟು ಏಳದವನು

ದೀಪ ಸಣ್ಣ ಮಾಡಿ. ಹಾಂ... ಸಾಕು. ಇದು ಎಲ್ಲೋ ಕೇಳಿದ್ದಲ್ಲ, ನಮ್ಮ ಪಕ್ಕದ ಬಿಡಾರದ ಡ್ವೇನ್‌ಗೆ ಆಗಿದ್ದು. ಅವನು ಸುಳ್ಳು ಹೇಳೋ ಆಸಾಮಿ ಅಲ್ಲ. ಸುಳ್ಳು ಹೇಳೋಕೂ ನಾಲ್ಕು ಮಾತು ಬೇಕಲ್ಲ, ಅವನ ಬಾಯಲ್ಲಿ ಅಷ್ಟೂ ಬರಲ್ಲ.

ಎರಡು ವರ್ಷದ ಹಿಂದಿನ ಜನವರಿ. ಅರಿಜೋನಾದ ಈ ಮರುಭೂಮಿಗೆ ಚಳಿಗಾಲ ಕಳೆಯೋಕೆ ಬರೋ, ಒಳಗೇ ಸಂಸಾರ ಮಾಡೋ ಮನೆಗಾಡಿಗಳನ್ನ ರಿಪೇರಿ ಮಾಡೋದೇ ಡ್ವೇನ್ ಕಸುಬು. ಆ ರಾತ್ರಿ ಗೆಳೆಯರ ಬಿಡಾರದಲ್ಲಿ ಊಟ ಮುಗಿಸಿ, ಟಾರ್ಚ್ ಹಿಡ್ಕೊಂಡು ಒಬ್ಬನೇ ನಡೆದು ಬರ್ತಿದ್ದ. ಒಣಹಳ್ಳದ ದಂಡೆ. ಹಳೇ ನೀರಿನ ಟ್ಯಾಂಕಿನ ನಲ್ಲಿ ತೊಟ್ಟಿಕ್ತಿತ್ತು... ಟಪ್... ಟಪ್... ದೂರದ ಬೆಟ್ಟದ ಮೇಲೆ ಗುಡುಗು. ಅಲ್ಲಿ ಮಳೆ ಬಿದ್ರೆ ಇಲ್ಲಿ ಹಳ್ಳ ತುಂಬುತ್ತೆ. ಅದಕ್ಕೇ ಹಳ್ಳದೊಳಗೆ ಬಿಡಾರ ಹಾಕಿದ್ದೋರೆಲ್ಲ ಕತ್ತಲಾಗ್ತಿದ್ದ ಹಾಗೇ ಗಾಡಿ ಎತ್ತಿ ದಿಬ್ಬ ಹತ್ತಿದ್ರು.

ಒಂದು ಗಾಡಿ ಮಾತ್ರ ಉಳಿದಿತ್ತು. ಗ್ಲೆಂಡಾ ಮುದುಕಿಯದು.

“ಡ್ವೇನ್... ನೀನೇನಪ್ಪಾ?” ಕತ್ತಲೊಳಗಿಂದ ಪಿಸುಮಾತು.

“ಗ್ಲೆಂಡಮ್ಮ! ಇನ್ನೂ ಇಲ್ಲೇ ಇದೀರಲ್ಲ, ತಲೆ ನೆಟ್ಟಗಿದೆಯಾ ನಿಮ್ದು?”

“ತಲೆ ನೆಟ್ಟಗೇ ಇದೆ. ಸ್ಲೈಡು ಸೊಟ್ಟಗಾಗಿದೆ.”

ಸ್ಲೈಡು ಅಂದ್ರೆ ಗೊತ್ತಲ್ಲ... ಗಾಡಿಯ ಗೋಡೆಯ ಒಂದು ಭಾಗ, ಸೋಫಾ ಸಮೇತ, ಗುಂಡಿ ಒತ್ತಿದ್ರೆ ಮೇಜಿನ ಡ್ರಾಯರ್ ಹಾಗೆ ಹೊರಗೆ ಬರುತ್ತೆ, ಒಳಗೆ ಹೋಗುತ್ತೆ. ಮನೆ ದೊಡ್ಡದಾಗೋದು ಹಾಗೆ. ಆದ್ರೆ ಅದು ಒಳಗೆ ಹೋಗಿ ಕೂರೋ ತನಕ ಗಾಡಿ ಓಡಿಸೋ ಹಾಗಿಲ್ಲ.

“ಬಿಡಿ ಅದನ್ನ, ನನ್ನ ಗಾಡೀಲಿ ಬನ್ನಿ. ಜೀವ ಮುಖ್ಯ.”

“ಊರಿನ ಮನೆ ಮಾರಿ ಇದನ್ನ ತಗೊಂಡ್ವಿ ಕಣಪ್ಪ. ಇದು ಹೋದ್ರೆ ನನಗೆ ಬೀದಿಯೇ ಗತಿ.”

ಡ್ವೇನ್ ಓಡಿಹೋಗಿ ತನ್ನ ಪಿಕಪ್ ತಂದ. ಟೇಪ್ ಹಿಡಿದು ಅಳೆದ. ಸ್ಲೈಡಿನ ಮುಂದಿನ ಮೂಲೆ ಗೋಡೆಯಿಂದ ಎರಡು ಇಂಚು ಹೊರಗಿತ್ತು, ಹಿಂದಿನ ಮೂಲೆ ಒಂಬತ್ತು. ಎರಡು ಮೂಲೆಗೂ ಒಂದೊಂದು ಮೋಟಾರು. ಒಂದು ಹಿಂದೆ ಬಿದ್ರೆ ಹೀಗಾಗುತ್ತೆ. ಮದ್ದು ಸುಲಭ. ಪೂರ್ತಿ ಹೊರಗೆ ತಳ್ಳಿ ಎರಡನ್ನೂ ಸಮ ಮಾಡ್ಕೊಂಡು, ಮತ್ತೆ ಒಳಗೆ ಎಳೀಬೇಕು.

ಗುಂಡಿ ಒತ್ತಿದ. ಗುಂಯ್ಯ್... ಹೊರಗೆ ಬಂತು, ದಾರ ಹಿಡಿದ ಹಾಗೆ ನೇರ. ಒಳಗೆ ಎಳೆದ. ಗುಂಯ್ಯ್... ಕಟಕ್... ಕಟಕ್ ಕಟಕ್. ಹಿಂದಿನ ಹಲ್ಲುಗಾಲಿ ಜಾರ್ತಿತ್ತು. ಮತ್ತೆ ಒಂಬತ್ತು ಇಂಚು. ಎರಡನೇ ಸಲವೂ ಅಷ್ಟೇ, ಒಂದು ಕೂದಲೆಳೆ ಆಚೀಚೆ ಇಲ್ಲ. ಸೋಫಾದ ಕೆಳಗಿನ ಖಾನೆಯಲ್ಲೇನಾದ್ರೂ ಭಾರ ತುಂಬಿದಾಳಾ ಅಂತ ಟಾರ್ಚ್ ಬಿಟ್ಟು ನೋಡಿದ. ಎರಡು ರಜಾಯಿ, ಅಷ್ಟೇ.

ಮೋಟಾರು ಬಿಡಿಸಿ, ಹೊರಗೆ ನಿಂತು ಹೆಗಲು ಕೊಟ್ಟು ತಳ್ಳಿದ. ಮುಂದಿನ ಮೂಲೆ ಸಲೀಸಾಗಿ ಹೋಯ್ತು. ಹಿಂದಿನದು... ಊಹೂಂ. ಒಳಗೆ ಸೋಫಾ ಸ್ಪ್ರಿಂಗು ಸದ್ದು ಮಾಡ್ತು. ಕಿರ್ರ್... ಯಾರೋ ಕೂತಲ್ಲೇ ಮಗ್ಗುಲು ಬದಲಾಯಿಸಿದ ಸದ್ದು.

ಡ್ವೇನ್‌ಗೆ ರೇಗಿತು. “ರೀ ಗ್ಲೆಂಡಮ್ಮ, ಸ್ಲೈಡ್ ಎಳೀವಾಗ ಯಾರೂ ಮೇಲೆ ಕೂರಬಾರ್ದು ಅಂತ ಎಷ್ಟು ಸಲ ಹೇಳೋದು? ಏಳಿ ಸೋಫಾದಿಂದ!”

“ನಾನು ಇಲ್ಲಿದೀನಪ್ಪ.”

ದನಿ ಅವನ ಬೆನ್ನ ಹಿಂದಿತ್ತು. ಕೈಯಲ್ಲಿ ಲಾಟೀನು ಹಿಡ್ಕೊಂಡು ನಿಂತಿದ್ಲು.

ಡ್ವೇನ್ ಮೈಯೆಲ್ಲ ಜುಂ ಅಂತು.

“ಹಾರ್ಲನ್...” ಅಂದ್ಲು ಅವಳು, ಮೆಲ್ಲಗೆ. ಹಾರ್ಲನ್ ಅವಳ ಗಂಡ. ಅದರ ಹಿಂದಿನ ಚಳಿಗಾಲ ಇದೇ ಹಳ್ಳದಲ್ಲಿ, ಇದೇ ಸೋಫಾದಲ್ಲಿ ಕೂತಂಗೇ ಪ್ರಾಣ ಬಿಟ್ಟಿದ್ದ. “ಈ ಜಾಗಕ್ಕೆ ಮತ್ತೆ ಬಂದ ರಾತ್ರಿಯಿಂದ ಕೂತಿದಾನೆ. ಮಾತಿಲ್ಲ, ಕತೆಯಿಲ್ಲ. ಕೂತಿರ್ತಾನೆ ಅಷ್ಟೇ. ನನಗೂ ಅಷ್ಟೇ ಸಾಕಾಗಿತ್ತು.”

“ಹಾಗಾದ್ರೆ ಏಳು ಅನ್ನಿ!”

“ನಾನು ಅನ್ನಲ್ಲ.” ಲಾಟೀನು ಕೆಳಗಿಟ್ಲು. “ಬದುಕಿದ್ದಾಗ ಒಂದೇ ಒಂದು ಸಲ ಎದ್ದು ಹೋಗು ಅಂದಿದ್ದೆ. ಎರಡು ವರ್ಷ ತಿರುಗಿ ಬರಲಿಲ್ಲ ಮಹರಾಯ. ಇನ್ನೊಂದು ಸಲ ನನ್ನ ಬಾಯಿಂದ ಆ ಮಾತು ಬರಲ್ಲ.”

ಅಷ್ಟರಲ್ಲಿ ಹಳ್ಳದ ಮೇಲುಗಡೆಯಿಂದ ಒಂದು ಸದ್ದು. ಜೋರೇನಿಲ್ಲ. ಕರ ಕರ... ಕರ ಕರ... ಬೆಣಚುಕಲ್ಲು ಉರುಳೋ ಸದ್ದು. ಇಲ್ಲಿರೋರಿಗೆಲ್ಲ ಅದು ಗೊತ್ತು. ನೀರು ಕಲ್ಲನ್ನ ಮುಂದೆ ನೂಕ್ಕೊಂಡು ಬರುತ್ತೆ.

ಡ್ವೇನ್ ಮೋಟಾರನ್ನ ಮತ್ತೆ ಜೋಡಿಸಿ ಒಳಗೆ ಹೋದ. ಸೋಫಾದ ಹಿಂದಿನ ಮೂಲೆಯ ಮೆತ್ತೆ ತಗ್ಗಾಗಿತ್ತು, ಬುಟ್ಟಿಯಷ್ಟು. ತನ್ನ ತಲೆ ಮೇಲಿನ ಟೋಪಿ ತೆಗೆದ. ಯಾಕೆ ತೆಗೆದನೋ ಅವನಿಗೂ ಗೊತ್ತಿಲ್ಲ.

“ಹಾರ್ಲನ್ ಯಜಮಾನ್ರೇ...” ಪಿಸುಗುಟ್ಟಿದ. “ಏಳಿ. ನೀವು ಕೂತಿದ್ರೆ ಅವರ ಮನೆ ಕೊಚ್ಚಿಹೋಗುತ್ತೆ. ಹೊರಗೆ ಬನ್ನಿ.”

ಏನೂ ಆಗಲಿಲ್ಲ... ಆಮೇಲೆ, ಕಿರ್ರ್... ಮೆತ್ತೆ ನಿಧಾನಕ್ಕೆ ಮೇಲೆದ್ದು ಸಮವಾಯ್ತು. ಡ್ವೇನ್ ಪಕ್ಕದಲ್ಲೇ ತಣ್ಣಗೆ ಏನೋ ಹಾದುಹೋಯ್ತು. ಬಾಗಿಲಾಚೆಯ ಕಬ್ಬಿಣದ ಮೆಟ್ಟಿಲು... ಟಂಗ್.

ಹೊರಗೆ ಗ್ಲೆಂಡಾ ಬಾಯಿಗೆ ಕೈ ಅಡ್ಡ ಹಿಡ್ಕೊಂಡಿದ್ಲು.

ಗುಂಡಿ ಒತ್ತಿದ. ಗುಂಯ್ಯ್... ಟಕ್. ಎರಡೂ ಮೂಲೆ ಒಟ್ಟಿಗೇ ಹೋಗಿ ಕೂತವು.

“ಹೊರಡಿ! ಹೊರಡೀಂದ್ರೆ!”

ಮುದುಕಿ ಗಾಡಿ ಹತ್ತಿ, ಎದೆ ಗಟ್ಟಿ ಮಾಡ್ಕೊಂಡು ದಿಬ್ಬದ ಕಡೆ ಓಡಿಸಿದ್ಲು. ಡ್ವೇನ್ ತನ್ನ ಪಿಕಪ್ ಹತ್ತಿ ಹಿಂದೇನೇ ಹೊರಟ. ಹತ್ತು ಮಾರು ಹೋಗಿರಬೇಕು.

ಟಿಂಗ್... ಟಿಂಗ್... ಟಿಂಗ್...

ಎದುರಿಗೆ ಕೆಂಪು ದೀಪ. ಪಕ್ಕದ ಸೀಟಿನೋರು ಬೆಲ್ಟ್ ಹಾಕಿಲ್ಲ ಅಂತ. ಸೀಟಿನ ಮೇಲೆ ಭಾರ ಬಿದ್ರೆ ಮಾತ್ರ ಹೊಡ್ಕೊಳ್ಳೋದು ಅದು. ಡ್ವೇನ್ ಪಕ್ಕಕ್ಕೆ ನೋಡಿದ. ಸೀಟು ಖಾಲಿ. ಒಂದು ಸ್ಪ್ಯಾನರೂ ಇಲ್ಲ, ಒಂದು ಟೋಪಿಯೂ ಇಲ್ಲ. ಟಿಂಗ್... ಟಿಂಗ್... ಹಿಂದೆ ನೀರು ಟೈರಿಗೆ ಬಡೀತಿತ್ತು. ನಿಲ್ಲಿಸಿ ಇಳಿದು ಓಡೋ ಹಾಗೂ ಇಲ್ಲ. ಕೈ ಚಾಚಿ, ಆ ಬೆಲ್ಟನ್ನ ಎಳೆದು ಸಿಕ್ಕಿಸಿದ. ಸದ್ದು ನಿಂತಿತು.

ದಿಬ್ಬದ ಮೇಲೆ ಗ್ಲೆಂಡಾ ಗಾಡಿಯಿಂದ ಇಳಿದು ಡ್ವೇನ್ ಪಿಕಪ್ ಕಿಟಕಿ ಹತ್ರ ಬಂದ್ಲು. ಕೆಳಗೆ ಹಳ್ಳ ಭೋರ್ ಅಂತಿತ್ತು, ಅವಳ ಬಿಡಾರವಿದ್ದ ಜಾಗ ಕಾಣ್ತಾನೇ ಇರಲಿಲ್ಲ.

“ಡ್ವೇನ್, ನಮ್ಮ ಸೋಫಾ ಈಗ ಬರೀ ಸೋಫಾ ಕಣೋ,” ಅಂದು ಅತ್ತುಬಿಟ್ಲು. “ಎಲ್ಲಿಗೆ ಹೋಗು ಅಂದೆ ಅವನಿಗೆ?”

“ಏನೂ ಹೇಳಲಿಲ್ಲ. ಹೊರಗೆ ಬನ್ನಿ ಅಂದೆ, ಅಷ್ಟೇ.”

ಅವಳ ಕಣ್ಣು ಅವನ ಭುಜ ದಾಟಿ ಪಕ್ಕದ ಸೀಟಿನ ಮೇಲೆ ಹೋಯ್ತು. ಬಹಳ ಹೊತ್ತು ನೋಡಿದ್ಲು. ಅಂಗಿ ತೋಳಿಂದಲೇ ಮೂಗು ಒರೆಸ್ಕೊಂಡ್ಲು.

“ಬೆಲ್ಟು ಬಿಗಿಯಾಯ್ತೇನೋ ನೋಡಪ್ಪ,” ಅಂದ್ಲು. “ಹೊಟ್ಟೆ ಹತ್ರ ಬಿಗಿಯಾದ್ರೆ ಅವನಿಗೆ ಆಗಲ್ಲ.”

ನಗಬೇಡಿ. ಹೋದ ತಿಂಗಳು ನಾನೇ ಆ ಪಿಕಪ್‌ನಲ್ಲಿ ಪಟ್ಟಣಕ್ಕೆ ಹೋದೆ. ಮುಂದೆ ಹತ್ತೋಕೆ ಹೋದ್ರೆ ಡ್ವೇನ್ ತಲೆ ಆಡಿಸಿ ಹಿಂದಿನ ಸೀಟು ತೋರಿಸಿದ. ನಲವತ್ತು ಮೈಲಿ ಹಿಂದೆ ಕೂತು ನೋಡ್ಕೊಂಡೇ ಹೋದೆ. ಮುಂದಿನ ಸೀಟು ಖಾಲಿ, ಬೆಲ್ಟು ಹಾಕಿತ್ತು. ಖಾಲಿ ಸೀಟಿಗೆ ಬೆಲ್ಟ್ ಹಾಕಿದ್ರೆ ಅದು ಬೆನ್ನಿಗೆ ಅಂಟ್ಕೊಂಡಿರುತ್ತೆ, ಹೌದಾ? ಇದು ಅಂಟ್ಕೊಂಡಿರಲಿಲ್ಲ. ಸೀಟಿಂದ ಒಂದು ಗೇಣು ಮುಂದಕ್ಕೆ ಉಬ್ಬಿ ನಿಂತಿತ್ತು.