ವೈರ್ ಚಿಕ್ಕದು

ರಾಜಾಜಿನಗರದ ಕಣ್ಣಿನ ಕ್ಲಿನಿಕ್ಕಿನಲ್ಲಿ ಕೋಕಿಲಮ್ಮ ಡ್ರಾಪ್ಸ್ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದರು. ತಮ್ಮ ತಾಯಿಯನ್ನು ಡಾಕ್ಟರ ಬಳಿ ಒಳಗೆ ಕಳಿಸಿದ್ದ ಯಾರೋ ಅಣ್ಣ ತಂಗಿ ಅವರ ಪಕ್ಕದಲ್ಲೇ ಪಿಸುದನಿಯಲ್ಲಿ ಜಗಳಕ್ಕಿಳಿದಿದ್ದರು.

“ಇನ್ನೇನು ಕಾಲೇಜಿನವರು ಆನ್‌ಲೈನ್ ಇಂಟರ್‌ವ್ಯೂಗೆ ಕರೀತಾರೆ. ವೈಫೈ ಹೆಸರೇ ತೋರಿಸ್ತಿಲ್ಲ. ನನ್ನ ಕೇಳ್ದೆ ಯಾಕಣ್ಣ ಹಳೇ ಸಿಸ್ಟಮ್ ತೆಗೆದು ಲಿನಕ್ಸ್ ಹಾಕ್ದೆ?”

“ಲ್ಯಾಪ್‌ಟಾಪ್ ತೆವಳ್ತಿತ್ತು ಕಣೇ ಗಗನಾ, ಚುರುಕಾಗ್ಲಿ ಅಂತ ಹಾಕ್ದೆ. ಇದರಲ್ಲಿ ವೈಫೈ ನಡೆಸೋ ಡ್ರೈವರ್ ಸಾಫ್ಟ್‌ವೇರ್ ಇಲ್ಲ.”

“ಹಾಕು ಮತ್ತೆ!”

“ಡೌನ್‌ಲೋಡ್ ಮಾಡೋಕೆ ನೆಟ್ ಬೇಕಲ್ಲ. ಫೋನಲ್ಲೇ ಮಾತಾಡಿಬಿಡು.”

“ಸ್ಲೈಡ್ ಎಲ್ಲಾ ಇದರಲ್ಲೇ ಇದೆ. ಹೋಯ್ತು ಬಿಡು. ಇನ್ನು ಯಾವ ಕಾಲೇಜೂ ನನ್ನ ಕರೆಯಲ್ಲ.”

ಹುಡುಗಿ ಮೂಗೆಳೆದ ಸದ್ದು ಕೋಕಿಲಮ್ಮನಿಗೆ ಕೇಳಿಸಿತು.

“ಅಳ್ಬೇಡ, ತಾಳು. ಚಾರ್ಜರ್ ವೈರ್ ಕೊಡು. ಫೋನನ್ನ ಇದಕ್ಕೆ ಸಿಕ್ಕಿಸಿದ್ರೆ ಫೋನಿನ ನೆಟ್ಟೇ ಸಿಗುತ್ತೆ.”

ವೈರ್ ಸಿಕ್ಕಿಸಿದ ಟಕ್ ಸದ್ದಾಯಿತು. ಕೋಕಿಲಮ್ಮನೂ ಆ ಕಡೆ ಕಿವಿಗೊಟ್ಟರು.

“ಬಂತು! ಅಣ್ಣ, ಬಂತು! ಇಲ್ಲಿ ಗಲಾಟೆ, ಮೆಟ್ಟಿಲ ಹತ್ರ ಹೋಗ್ತೀನಿ.”

“ಲ್ಯಾಪ್‌ಟಾಪ್ ನೀನು ಹಿಡ್ಕೋ, ಫೋನ್ ನನ್ನ ಕೈಲಿದೆ, ವೈರ್ ಚಿಕ್ಕದು. ನಾನೂ ಬರ್ತೀನಿ. ಆದ್ರೆ ಅಮ್ಮ?”

“ನಿಮ್ಮಮ್ಮ ಬಂದ್ರೆ ನಾನು ಹೇಳ್ತೀನಿ, ಹೋಗ್ರಪ್ಪ,” ಎಂದರು ಕೋಕಿಲಮ್ಮ, ಕಣ್ಣು ತೆರೆಯದೆ.

“ಥ್ಯಾಂಕ್ಸ್ ಆಂಟಿ! ಅಣ್ಣ, ಅಲ್ಲಿ ಬಾಯಿ ಬಿಡ್ಬೇಡ.”

“ಬಿಡಲ್ಲ. ನೀನು ನಿಧಾನ ನಡಿ.”

ಎರಡು ಜೋಡಿ ಹೆಜ್ಜೆಗಳು ಒಂದಕ್ಕೊಂದು ಹೊಂದಿಕೊಳ್ಳುತ್ತ ಬಾಗಿಲು ದಾಟಿದವು.