ಊದುಬತ್ತಿ ಚಿಕ್ಕತಾಯಮ್ಮ ರಸ್ತೆ ದಾಟಿದ್ದು

ಭಕ್ತಿ ಎಂದರೇನು ಎಂದು ಕೇಳಿದಿರಿ. ಹೇಳುತ್ತೇನೆ, ಅವಸರ ಬೇಡ. ಮೊದಲು ಈ ಕಥೆ ಕೇಳಿ.

ಒಂದೂರು, ಆ ಊರಲ್ಲಿ ಒಬ್ಬರು ಶ್ರೀಮಂತರು, ಶ್ರೀಮಂತರಿಗೆ ಒಂದು ಬಿಳಿ ಕಾರು. ಕಾರಿನೊಳಗೆ ಮುಂದೆ ಗಣಪತಿ, ಕನ್ನಡಿಗೆ ಜಪಮಾಲೆ, ಹಿಂದಿನ ಗಾಜಿನ ಮೇಲೆ ಹನುಮಂತ. ಇಷ್ಟು ದೇವರು ಕುಳಿತ ಗಾಡಿಗೆ ಬ್ರೇಕು ಯಾಕೆ ಬೇಕು, ಹೇಳಿ? ಶ್ರೀಮಂತರು ಬ್ರೇಕು ಒತ್ತುತ್ತಲೇ ಇರಲಿಲ್ಲ. ಇಲ್ಲ, ಸುಳ್ಳು ಹೇಳಬಾರದು, ಒತ್ತುತ್ತಿದ್ದರು. ಯಾರೋ ನಿವಾಳಿಸಿ ಎಸೆದ ನಿಂಬೆಹಣ್ಣು ರಸ್ತೆಯಲ್ಲಿ ಕಂಡರೆ ಗಕ್ಕನೆ ನಿಲ್ಲಿಸಿ, ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ನೋಡಿ, ನಿಂಬೆಹಣ್ಣಿಗೆ ಎಂಥ ಮರ್ಯಾದೆ!

ಅದೇ ಊರಲ್ಲಿ ಚಿಕ್ಕತಾಯಮ್ಮ ಎಂಬ ಹೆಣ್ಣುಮಗಳು. ಕಾರ್ಖಾನೆಯೊಂದರಲ್ಲಿ ಊದುಬತ್ತಿ ಹೊಸೆಯುವ ಕೆಲಸ. ಸಂಜೆ ಬಸ್ಸು ಆಕೆಯನ್ನು ಬೈಪಾಸಿನ ಈ ಬದಿಗೆ ಇಳಿಸುತ್ತಿತ್ತು. ಆಕೆಯ ನಾಲ್ಕು ವರ್ಷದ ಮಗಳು ಭಾನು ಇರುವ ಶಿಶುವಿಹಾರ ಆ ಬದಿಗೆ. ನಡುವೆ ನಾಲ್ಕು ಸಾಲು ವಾಹನ. ಮಗಳ ಕೆಂಪು ರಿಬ್ಬನ್ನು ಇಲ್ಲಿಂದಲೇ ಕಾಣುತ್ತದೆ, ಆದರೆ ಹತ್ತಿರ ಹೋಗಲು ಆಗುವುದಿಲ್ಲ. ಬೇರೆಯವರ ಕೈಯಲ್ಲಿ ಮಗು ಬಿಟ್ಟು ದುಡಿಯಲು ಹೋದವರಿಗೆ ಗೊತ್ತು, ಸಂಜೆ ಐದೂ ಮುಕ್ಕಾಲು ಎಂದರೆ ಎಷ್ಟು ಉದ್ದ ಎಂದು.

ಆರಕ್ಕೆ ಶಿಶುವಿಹಾರದ ಬಾಗಿಲು ಹಾಕುತ್ತಿದ್ದರು. ಟೀಚರು ಒಳ್ಳೆಯವರೇ, ಆದರೆ ಅವರೂ ಬಸ್ಸಿನವರು. "ಆರೂ ಕಾಲಿನ ಗಾಡಿ ತಪ್ಪಿದ್ರೆ ನಮ್ಮೂರ್ಗೆ ಬೇರೆ ಗಾಡಿ ಇಲ್ಲ ಕಣಮ್ಮ. ಈಗ್ಲೇ ಎರಡ್ ಸಲ ಲೇಟಾಯ್ತು. ಮೂರ್ನೇ ಸಲ ಆದ್ರೆ ಮಗೂನ ಬೇರೆ ಕಡೆ ಸೇರ್ಸ್ಬಿಡು" ಎಂದಿದ್ದರು. ಬೇರೆ ಕಡೆ ಅಂತೆ! ಇದ್ದರೆ ತಾನೆ? ಊರಿಗೆಲ್ಲ ಅದೊಂದೇ.

ದಾಟಲು ಜಾಗ ಇರಲಿಲ್ಲವೇ? ಇತ್ತು. ಬಿಳಿ ಪಟ್ಟೆ ಬಳಿದಿದ್ದರು. ರಸ್ತೆ ನಡುವಿನ ಗೋಡೆಯಲ್ಲಿ ಒಬ್ಬರು ನುಸುಳುವಷ್ಟು ಸಂದು ಬಿಟ್ಟಿದ್ದರು. ಚಿಕ್ಕತಾಯಮ್ಮ ಆ ಪಟ್ಟೆಯ ಮೇಲೆ ಒಂದು ಕಾಲಿಡುವಳು, ಹಿಂದೆ ತೆಗೆಯುವಳು. ಕಾಲಿಡುವಳು, ತೆಗೆಯುವಳು. ಸ್ಕೂಟರಿನವನು, "ಏನಮ್ಮೋ, ಮನೇಲ್ ಹೇಳ್ಬಿಟ್ ಬಂದಿದ್ಯಾ?" ಎನ್ನುವನು. ನಮ್ಮ ಶ್ರೀಮಂತರಂತೂ ಒಮ್ಮೆ ಗಾಜಿಳಿಸಿ, "ಕಣ್ ಕಾಣ್ಸಲ್ವಾ? ರಸ್ತೆ ಏನ್ ನಿಮ್ಮಪ್ಪಂದಾ?" ಎಂದು ಗದರಿದರು.

"ನಮ್ಮಪ್ಪಂದಾಗಿದ್ರೆ ನಿಮ್ಮನ್ ಬಿಡ್ತಿದ್ನಾ ಸ್ವಾಮಿ" ಎಂದಳು ಚಿಕ್ಕತಾಯಮ್ಮ. ಅಷ್ಟರಲ್ಲಿ ಕಾರು ಮುಂದಿನ ನಿಂಬೆಹಣ್ಣಿನ ತನಕ ಹೋಗಿಯಾಗಿತ್ತು.

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಪೂಜೆ ಮುಗಿಯುವುದು ತಡವಾಗಿ, ಬಸ್ಸಿಳಿದಾಗ ಆರಕ್ಕೆ ಐದೇ ನಿಮಿಷ. ಆಕೆಯ ಬಳಿ ಸ್ಟೀಲ್ ಡಬ್ಬಿಯ ತುಂಬ ಕಡಲೆಪುರಿ, ಮೇಲೆ ಬಾಳೆಲೆ, ಜೊತೆಗೆ ಒಂದು ಚೆಂಡುಹೂವಿನ ಹಾರ. ಗಾಡಿಗಳಿಗೆ ಕೈ ಅಡ್ಡ ಹಿಡಿಯಲು ಎರಡೂ ಕೈ ಬೇಕಲ್ಲ? ಸೆರಗನ್ನು ಸಿಂಬಿ ಸುತ್ತಿ ಡಬ್ಬಿಯನ್ನು ತಲೆಯ ಮೇಲಿಟ್ಟಳು. ಹಾರ ನಜ್ಜಾಗದಿರಲಿ ಎಂದು ಡಬ್ಬಿಗೇ ಸುತ್ತಿದಳು. ಹಣೆಯಲ್ಲಿ ಕಾಸಗಲ ಕುಂಕುಮ, ಮೈಯೆಲ್ಲ ಊದುಬತ್ತಿಯ ವಾಸನೆ. ಎರಡೂ ಕೈ ಎತ್ತಿ ಪಟ್ಟೆಯ ಮೇಲೆ ಕಾಲಿಟ್ಟಳು.

ಗಾಡಿಗಳು ನಿಂತವು!

ಬಾಳೆಕಂದು ಕಟ್ಟಿಕೊಂಡ ಬಿಳಿ ಕಾರಿನಿಂದ ಶ್ರೀಮಂತರು ಚಪ್ಪಲಿ ಬಿಟ್ಟು ಇಳಿದರು. ಹಿಂದಿನವರಿಗೆ ಕೂಗಿದರು: "ಏಯ್, ನಿಲ್ಸ್ರೋ! ಅಮ್ಮನೋರು ಬರ್ತಾವ್ಳೆ, ಕಣ್ ಕಾಣ್ಸಲ್ವಾ?" ಆಮೇಲೆ ಕೈಮುಗಿದು, "ಯಾವೂರಮ್ಮ ತಾಯೀ?" ಎಂದರು.

ಚಿಕ್ಕತಾಯಮ್ಮ ನಿಜ ಹೇಳಲು ಬಾಯಿ ತೆರೆದಳು. ಆ ಬದಿಯಲ್ಲಿ ಟೀಚರು ಚಿಲಕಕ್ಕೆ ಕೈ ಹಾಕುತ್ತಿರುವುದು ಕಂಡಿತು. ಬಾಯಿ ಮುಚ್ಚಿಕೊಂಡು ನಡೆದಳು. ಆರು ಹೊಡೆಯುವಷ್ಟರಲ್ಲಿ ಭಾನು ತಾಯಿಯ ಸೊಂಟದ ಮೇಲೆ ಕೂತು ಕಡಲೆಪುರಿ ಮುಕ್ಕುತ್ತಿದ್ದಳು.

ಮರುದಿನ ತಲೆಯ ಮೇಲೆ ಡಬ್ಬಿ ಇರಲಿಲ್ಲ. ಹಾರನ್ ಇತ್ತು. ಮತ್ತೆ ಕಾಲಿಡುವುದು, ತೆಗೆಯುವುದು.

ಆದರೆ ಶ್ರೀಮಂತರ ಮನಸ್ಸು ಕರಗಿತ್ತು, ನೋಡಿ. ಅಮ್ಮ ಕಾಣಿಸಿಕೊಂಡ ಜಾಗ ಹಾಗೇ ಇದ್ದರೆ ಆದೀತೇ? ದೀಪಾವಳಿಯೊಳಗೆ ಅದೇ ಪಟ್ಟೆಯ ಎದುರು, ನಡುಗೋಡೆಯ ಅದೇ ಸಂದಿನಲ್ಲಿ, ಒಂದು ಗುಡಿ ಎದ್ದಿತು. ಹೆಸರು ದಾರಿಯಮ್ಮ. ಪುಂಡು ದನ, ಪುಂಡು ಜನ ನುಗ್ಗಬಾರದೆಂದು ಎರಡೂ ಕಡೆ ಎದೆಮಟ್ಟದ ಕಬ್ಬಿಣದ ಬೇಲಿ.

ಗುಡಿ ತೆರೆದ ಸಂಜೆ ಚಿಕ್ಕತಾಯಮ್ಮ ಹೇಗೋ ಎರಡು ಸಾಲು ದಾಟಿ ಬೇಲಿಯ ತನಕ ಬಂದಳು. ಒಳಗೆ ಶ್ರೀಮಂತರು ಸಿಹಿ ಪೊಂಗಲ್ ಹಂಚುತ್ತಿದ್ದರು.

"ಸ್ವಾಮಿ, ಒಸಿ ದಾರಿ ಬಿಡಿ. ಮಗು ಕಾಯ್ತಾ ಕೂತೈತೆ."

"ದಾರಿ ಇಲ್ಲಮ್ಮ, ಗುಡಿ ಇದು. ಸರ್ಕಲ್ ಹತ್ರ ಸುತ್ಕೊಂಡ್ ಬಾ."

"ಸ್ವಾಮಿ, ಆವತ್ತು ಡಬ್ಬಿ ಹೊತ್ಕೊಂಡು ಬಂದವ್ಳು ನಾನೇ ಕಣ್ರೀ!"

"ಹೂಂ ಹೂಂ. ಎಲ್ರೂ ಹಂಗೇ ಹೇಳ್ತಾರೆ. ಪ್ರಸಾದಕ್ಕೆ ಲೈನಲ್ ಬಾ."

ಸರ್ಕಲ್ಲಿಗೆ ಒಂದು ಮೈಲಿ. ಚಿಕ್ಕತಾಯಮ್ಮ ಓಡಿದಳು. ಸುತ್ತಿ ಬಂದು ಆ ಬದಿ ಮುಟ್ಟಿದಾಗ ಆರೂ ಇಪ್ಪತ್ತು. ಶಿಶುವಿಹಾರಕ್ಕೆ ಬೀಗ. ಭಾನು ಪಕ್ಕದ ಪಂಕ್ಚರ್ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ಕಾಲ ಬಳಿ ಅವಳ ತಟ್ಟೆ, ಲೋಟ, ಪುಟ್ಟ ಚಾಪೆ. ಟೀಚರು ಎಲ್ಲವನ್ನೂ ಗಂಟು ಕಟ್ಟಿಕೊಟ್ಟು ಹೋಗಿದ್ದರು. ಮಗುವಿನ ಮುಷ್ಟಿಯಲ್ಲಿ ಅಂಗಡಿಯವನು ಗುಡಿಯಿಂದ ತಂದುಕೊಟ್ಟ ಪೊಂಗಲ್.

"ಅಮ್ಮಾ, ಅಲ್ಲಿ ದೇವ್ರು ಬಂದವ್ರಂತೆ. ನಿಂಗೂ ಇಟ್ಟಿವ್ನಿ, ತಗೊ."

ಮರುದಿನ ಚಿಕ್ಕತಾಯಮ್ಮ ಕೆಲಸಕ್ಕೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಗುಡಿಗೆ ಊದುಬತ್ತಿ ಮಾತ್ರ ತಪ್ಪಲಿಲ್ಲ.

ನಕ್ಕಿರಿ. ನಿಂಬೆಹಣ್ಣಿಗೆ ನಕ್ಕಿರಿ, ಶ್ರೀಮಂತರಿಗೂ ನಕ್ಕಿರಿ. ಒಮ್ಮೆ ಎದ್ದು ಹೊರಗೆ ಇಣುಕಿ. ನಿಲ್ಲಿಸಿರುವ ಗಾಡಿಗಳಲ್ಲಿ ಹನುಮಂತ ಇಲ್ಲದ್ದು ಯಾವುದು? ನಾನು ಬಂದ ಕಾರಿನಲ್ಲೂ ಇದ್ದಾನೆ. ಈ ಸಭೆಯ ಎದುರೇ ಬಸ್ ಸ್ಟಾಪು. ಬರುವಾಗ ಅಲ್ಲಿ ಮೂರು ಜನ ರಸ್ತೆಗೆ ಕಾಲಿಟ್ಟು ಹಿಂದೆ ತೆಗೆಯುತ್ತಿದ್ದರು. ನಾವ್ಯಾರೂ ನಿಲ್ಲಿಸಲಿಲ್ಲ. ಭಕ್ತಿಯ ಪ್ರವಚನಕ್ಕೆ ತಡವಾಗುತ್ತಿತ್ತು, ಅಲ್ಲವೇ?

ಭಕ್ತಿ ಎಂದರೇನು ಎಂದು ಕೇಳಿದಿರಲ್ಲ, ಇವತ್ತು ಮನೆಗೆ ಹೋಗುವಾಗ ಮಾಡಿ. ಬಿಳಿ ಪಟ್ಟೆ ಕಂಡ ಕೂಡಲೇ ನಿಧಾನಿಸಿ. ಕಾದು ನಿಂತವರ ತಲೆಯ ಮೇಲೆ ಏನಿದೆ ಎಂದು ನೋಡಬೇಡಿ. ಕೈಮುಗಿಯುವುದೂ ಬೇಡ, ಕೈ ಸ್ಟೀರಿಂಗಿನ ಮೇಲಿರಲಿ, ಕಾಲು ಬ್ರೇಕಿನ ಮೇಲಿರಲಿ. ಹಿಂದಿನವನು ಹಾರನ್ ಒತ್ತುತ್ತಾನೆ, ಒತ್ತಲಿ. ಕೊನೆಯವರ ಎರಡೂ ಕಾಲು ಆಚೆ ದಡ ಮುಟ್ಟುವ ತನಕ ನಿಮ್ಮ ಗಾಡಿ ಅಲ್ಲಾಡಬಾರದು. ಯಾಕೆಂದರೆ ಆಚೆ ಬದಿಯಲ್ಲಿ ಯಾರೋ ಟೀಚರು ಆಗಲೇ ಚಿಲಕಕ್ಕೆ ಕೈ ಹಾಕಿರುತ್ತಾರೆ.