ಬಂಡೆಸಾಲಿನ ಕಥೆ ಹೇಳೋನು

…ಅಯ್ಯೋ ಅಕ್ಕ, ಮೊನ್ನೆ ಬರಬೇಕಾದ ಹಡಗು ಇವತ್ತು ಬರುತ್ತೆ, ನಾಳೆ ಬರುತ್ತೆ. ಭಾವನಿಗೆ ಹಡಗು ನಡೆಸೋದು ಹೊಸದಾ? ಅದಕ್ಕೆ ಯಾಕೆ ಮುಖ ಹಾಗೆ ಮಾಡ್ಕೊಂಡಿದೀಯ? ಕೂತ್ಕೋ. ಅವರ ಅಂಗಿಗೆ ಇಸ್ತ್ರಿ ಆಮೇಲೆ ಹಾಕಿದ್ರಾಯ್ತು. ನಮ್ಮ ಬಂಡೆಸಾಲಿಗೆ ಬಡಿದು ಮುಳುಗಿದವರು ಎಂಥೆಂಥವರು ಅಂತ ನನ್ನನ್ನ ಕೇಳು. ಮ್ಯೂಸಿಯಂನಲ್ಲಿ ದಿನಾ ಅದನ್ನೇ ಹೇಳಿ ಹೊಟ್ಟೆ ಹೊರ್ಕೊಳ್ಳೋನು ನಾನು.

ಆ ಹಳೇ ಕ್ಯಾಪ್ಟನ್ನು… ಹಡಗು ಎರಡು ಹೋಳಾಗಿದೆ, ಈ ಮಹಾನುಭಾವ ಬಂಡೆ ಮೇಲೆ ನಿಂತ್ಕೊಂಡು, ನಕ್ಷೆ ಬಿಡಿಸಿ, "ಇಲ್ಲಿ ಬಂಡೆನೇ ಇಲ್ಲ" ಅಂತ ಕಾಪಾಡೋಕೆ ಬಂದವರ ಜೊತೆ ವಾದ ಮಾಡಿದ್ನಂತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಮೇಲೆ ದೀಪದ ಹಡಗು. ನಮ್ಮ ದೀಪಸ್ತಂಭಕ್ಕೇ ದೀಪ ತರ್ತಿತ್ತು ಕಣೆ… ದೀಪ ಇಲ್ದೆ ಬಂಡೆ ಕಾಣ್ಲಿಲ್ಲ! ಊರಿನ ದೊಡ್ಡ ಮನುಷ್ಯರು ಏನು ಮಾಡಿದ್ರು ಗೊತ್ತಾ? ದಡದಲ್ಲಿ ಒಂದು ಕಲ್ಲು ನೆಟ್ಟು ಭಾಷಣ ಮಾಡಿದ್ರು. ದೀಪ ಮಾತ್ರ ಇನ್ನೊಂದು ಹಡಗು ಮುಳುಗೋವರೆಗೂ ಬರ್ಲಿಲ್ಲ.

ಯಾಕೆ ಹಾಗೆ ನೋಡ್ತೀಯ? ಇದಕ್ಕೆ ನಗದೇ ಇರೋರೇ ಇಲ್ಲ. ನೀನೇ ಎಷ್ಟು ಸಲ ಹೊಟ್ಟೆ ಹಿಡ್ಕೊಂಡು ನಕ್ಕಿಲ್ಲ? ಸರಿ, ಬೂಟಿನ ಹಡಗು ಕೇಳು. ಪೆಟ್ಟಿಗೆ ತುಂಬ ಬರೀ ಎಡಗಾಲಿನವು. ಕಳ್ಳರು ಮುಟ್ಟಬಾರ್ದು ಅಂತ ಸಾಹುಕಾರ ಬಲಗಾಲಿನವನ್ನ ಬೇರೆ ಹಡಗಿಗೆ ಹಾಕಿದ್ದ. ಊರಿಗೂರೇ ನೀರಿಗಿಳಿದು ಹೊತ್ಕೊಂಡು ಬಂತು, ಮನೆಗೆ ಬಂದು ಹಾಕ್ಕೊಂಡು ನೋಡಿದ್ರೆ… ಹೆಣ ಎತ್ತೋಕೆ ಮಾತ್ರ ಯಾರಿಗೂ ಪುರುಸೊತ್ತಿರಲಿಲ್ಲ. ಅದು ಬಿಡು. ಅದನ್ನ ನಾನು ಜನಕ್ಕೆ ಹೇಳೋದಿಲ್ಲ.

ಬೇಡವಾ? ಸಾಕಾ? ಒಂದು ಮಾತು ಅಕ್ಕ, ಹಡಗಿನ ಸಾಹುಕಾರ ಯಾವತ್ತೂ ಮುಳುಗೋದಿಲ್ಲ ನೋಡು. ಗಾಳಿ ಎದ್ದಿದೆ ಅಂದ್ರೂ ಹೊರಡು ಅಂತಾನೆ, ಆಮೇಲೆ ಕ್ಯಾಪ್ಟನ್ನಿಗೆ ಬುದ್ಧಿ ಇರಲಿಲ್ಲ ಅಂತಾನೆ. ಈಗ ಬಂದರಿನ ಆಫೀಸಲ್ಲೂ ಅದೇ ರಾಗ… ಇಲ್ಲ, ಸುಮ್ನೆ ಹೋಗಿದ್ದೆ. ಟೀ ಕುಡಿಯೋಕೆ.

ಏನಾದ್ರೂ ಮಾತಾಡು. ಬೇಕಾದ್ರೆ ಬೈಯಿ. ಮೊನ್ನೆಯಿಂದ ನಾನು ಯಾವಾಗ ಬಂದ್ರೂ ನೀನು ಒಳಗೆ ಕಾಲಿಡೋಕೂ ಬಿಡದೆ "ಭಾವನ ಸುದ್ದಿ ಬಂತಾ" ಅಂತ ಕೇಳ್ತಿದ್ದೆ. ಇವತ್ತು ಬಂದು ಇಷ್ಟು ಹೊತ್ತಾಯ್ತು, ಒಂದು ಸಲಾನೂ ಕೇಳ್ಲಿಲ್ಲ ನೀನು.

…ನಿನಗೆ ಆಗ್ಲೇ ಗೊತ್ತಿದ್ದೂ, ಇಷ್ಟು ಹೊತ್ತು ನನ್ನನ್ನ ಮಾತಾಡೋಕೆ ಬಿಟ್ಟೆಯಾ, ಅಕ್ಕ?